ರೋಲರ್ ಕೋಸ್ಟರ್ ಸಪ್ಪೆಯಾಯಿತೇ?

ರೋಲರ್ ಕೋಸ್ಟರ್‌ಗಳು ಮೊದಲಿನಂತೆ ಮೈ ನಡುಗಿಸುವುದಿಲ್ಲ, ಸಪ್ಪೆಯಾಗಿಬಿಟ್ಟಿವೆ ಎಂಬುದು ಅವುಗಳ ಗೀಳು ಹತ್ತಿಸಿಕೊಂಡವರ ದೂರು. ಅಮೆರಿಕ, ಯುರೋಪುಗಳ ಈ ದೂರು ಚಾಮರಾಜನಗರ, ಗುಂಡ್ಲುಪೇಟೆ ಕಡೆ ಬೇರೊಂದು ರೂಪದಲ್ಲಿ ಕೇಳಿಬರುತ್ತದೆ. ಈ ಜಿಲ್ಲೆಯಲ್ಲಿ ದೊಡ್ಡ ರೋಲರ್ ಕೋಸ್ಟರ್ ಒಂದೂ ಇಲ್ಲ. ಹತ್ತಬೇಕೆಂದರೆ ಮೈಸೂರು ದಾಟಿ ಬಿಡದಿಯ ವಂಡರ್‌ಲಾವರೆಗೆ ಹೋಗಬೇಕು. ಶಾಲಾ ಕಾಲೇಜು ಪ್ರವಾಸದ ಬಸ್ಸುಗಳು ಹೋಗುವುದೂ ಅಲ್ಲಿಗೇ. ಜಾತ್ರೆಯ ತೊಟ್ಟಿಲು, ತೂಗುವ ಕೊಲಂಬಸ್ ದೋಣಿಗಳಲ್ಲಿ ಕೂತು ಬೆಳೆದ ಹುಡುಗರು ಅಲ್ಲಿಂದ ಮರಳಿ ಬಂದು, ‘ಜಾತ್ರೇಲೇ ಜಾಸ್ತಿ ಭಯ ಆಗ್ತಿತ್ತು’ ಎನ್ನುವುದುಂಟು. ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ, ಭಯ ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ಸರಿಯಾಗಿ ಗುರುತಿಸದೆ ಬಂದದ್ದು.

ರೋಲರ್ ಕೋಸ್ಟರ್ ಎಂಜಿನ್ ಇಲ್ಲದ ರೈಲು. ಸಾಮಾನ್ಯವಾಗಿ ಸರಪಳಿಯೊಂದು ಅದನ್ನು ಮೊದಲ ದಿಬ್ಬದ ನೆತ್ತಿಗೆ ಎಳೆದು ಬಿಡುತ್ತದೆ. ಆಮೇಲಿನ ಓಟವೆಲ್ಲ ಗುರುತ್ವದ್ದು. ಹಾಗಾಗಿ ಎತ್ತರ ಗೊತ್ತಿದ್ದರೆ ವೇಗವನ್ನು ಲೆಕ್ಕ ಹಾಕಬಹುದು. 40 ಮೀಟರ್ ಕೆಳಗಿಳಿದ ರೈಲು, ಘರ್ಷಣೆಯನ್ನು ಬಿಟ್ಟು ನೋಡಿದರೆ, ಗಂಟೆಗೆ ಸುಮಾರು 100 ಕಿ.ಮೀ. ವೇಗ ಪಡೆಯುತ್ತದೆ. ಹತ್ತುವಾಗ ಕೇಳುವ ಟಕ್ ಟಕ್ ಸದ್ದು ಸರಪಳಿಯದ್ದೆಂದು ಹಲವರು ತಿಳಿದಿರುತ್ತಾರೆ. ಅದು ಬೋಗಿಯ ಅಡಿಯ ಕೊಕ್ಕೆ, ಹಳಿಯ ನಡುವಿನ ಹಲ್ಲುಪಟ್ಟಿಯ ಮೇಲೆ ಒಂದೊಂದೇ ಹಲ್ಲು ದಾಟಿ ಬೀಳುವ ಸದ್ದು. ಸರಪಳಿ ಕಡಿದರೂ ರೈಲು ಹಿಂದಕ್ಕೆ ಜಾರದಂತೆ ತಡೆಯುವ ಏರ್ಪಾಡು ಅದು. ಕೂತವರ ಎದೆಬಡಿತ ಹೆಚ್ಚಿಸುವ ಆ ಸದ್ದೇ ಅವರ ಕಾವಲು. ಎಷ್ಟೋ ಹೊಸ ಕೋಸ್ಟರ್‌ಗಳಲ್ಲಿ ಈ ಕೊಕ್ಕೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಹಳಬರ ದೂರುಗಳಲ್ಲಿ ಇದೂ ಒಂದು.

ಮೈಗೆ ವೇಗ ಗೊತ್ತಾಗುವುದಿಲ್ಲ. ಗೊತ್ತಾಗುವುದು ವೇಗದಲ್ಲಿ, ದಿಕ್ಕಿನಲ್ಲಿ ಆಗುವ ಬದಲಾವಣೆ. ಗುಂಡ್ಲುಪೇಟೆಯಿಂದ ಬಂಡೀಪುರ, ಮಸಿನಗುಡಿ ಮಾರ್ಗವಾಗಿ ಊಟಿಗೆ ಹತ್ತುವವರು ಕಲ್ಲಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳನ್ನು ದಾಟುತ್ತಾರೆ. 15 ಮೀಟರ್ ತ್ರಿಜ್ಯದ ತಿರುವೊಂದನ್ನು ವಾಹನ 30 ಕಿ.ಮೀ. ವೇಗದಲ್ಲಿ ತಿರುಗಿದರೆ, ಕೂತವರಿಗೆ ಪಕ್ಕಕ್ಕೆ ತಳ್ಳಿದಂತಾಗುವ ಬಲ ಅವರ ತೂಕದ ಅರ್ಧದಷ್ಟೂ ಇರುವುದಿಲ್ಲ. ಅಷ್ಟಕ್ಕೇ ಹೊಟ್ಟೆ ತೊಳಸುತ್ತದೆ, ಕಿಟಕಿ ಪಕ್ಕದ ಸೀಟಿಗೆ ಬೇಡಿಕೆ ಬರುತ್ತದೆ. ದೊಡ್ಡ ಕೋಸ್ಟರ್‌ನ ಇಳಿಜಾರಿನ ಬುಡದಲ್ಲಿ ಈ ಬಲ ತೂಕದ ನಾಲ್ಕು ಪಟ್ಟು ಮುಟ್ಟಬಲ್ಲದು: 60 ಕೆ.ಜಿ. ತೂಕದ ವ್ಯಕ್ತಿ ಆ ಒಂದೆರಡು ಕ್ಷಣ 240 ಕೆ.ಜಿ.ಯ ಭಾರದಲ್ಲಿ ಸೀಟಿಗೆ ಒತ್ತಿಕೊಳ್ಳುತ್ತಾನೆ. ಮುಂದಿನ ದಿಬ್ಬದ ನೆತ್ತಿಯಲ್ಲಿ ಇದರ ತದ್ವಿರುದ್ಧ. ರೈಲು ಕೆಳಮುಖವಾಗಿ ಬಾಗುತ್ತದೆ, ಮೈ ಮೇಲಕ್ಕೇ ಹೋಗಲು ನೋಡುತ್ತದೆ, ತೂಕವೇ ಇಲ್ಲವಾದಂತೆ ಸೀಟಿನಿಂದ ಏಳುತ್ತದೆ. ಇದನ್ನೇ ಏರ್‌ಟೈಮ್ ಎನ್ನುತ್ತಾರೆ. ಕೋಸ್ಟರ್ ಪ್ರಿಯರು ದೇಶ ದೇಶ ಸುತ್ತುವುದು ಬಹುಮಟ್ಟಿಗೆ ಈ ಕೆಲವು ಸೆಕೆಂಡುಗಳಿಗಾಗಿ.

ರೋಲರ್ ಕೋಸ್ಟರ್‌ನ ಮೂಲ ರಷ್ಯಾದ ಹಿಮದ ಜಾರುಬಂಡೆಗಳಲ್ಲಿದೆ. 1817ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಚಕ್ರದ ಬಂಡಿಗಳು ಹಳಿಯ ಮೇಲೆ ಜಾರತೊಡಗಿದ್ದವು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ ಆರಂಭಿಸಿದ ಕೋಸ್ಟರ್‌ನ ವೇಗ ಗಂಟೆಗೆ ಸುಮಾರು 10 ಕಿ.ಮೀ. ಮಾತ್ರ, ಟಿಕೆಟ್ ಐದು ಸೆಂಟ್. ಇಂದು ಸೈಕಲ್ ತುಳಿಯುವ ಹುಡುಗ ಅದಕ್ಕಿಂತ ಬೇಗ ಹೋಗುತ್ತಾನೆ. ಆದರೂ ಜನ ಮುಗಿಬಿದ್ದರು. ಅಂದರೆ ‘ಹಿಂದಿನವು ಘೋರವಾಗಿದ್ದವು’ ಎಂಬ ಮಾತು ಆರಂಭಕಾಲಕ್ಕೆ ಅನ್ವಯಿಸುವುದಿಲ್ಲ. ಘೋರ ಕಾಲ ಬಂದದ್ದು ಆಮೇಲೆ.

1895ರಲ್ಲಿ ಅದೇ ಕೋನಿ ಐಲೆಂಡ್‌ನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ಕೋಸ್ಟರ್ ಜನರನ್ನು ತಲೆಕೆಳಗಾಗಿ ಸುತ್ತಿಸಿತು. ಅದರ ಸುತ್ತು ಪೂರ್ಣ ವೃತ್ತಾಕಾರದ್ದು. ಕೆಡುಕು ಇದ್ದದ್ದು ಅಲ್ಲಿಯೇ. ಪೂರ್ಣ ವೃತ್ತದ ನೆತ್ತಿಯಲ್ಲಿ ಕೆಳಗೆ ಬೀಳದಷ್ಟು ವೇಗ ಬೇಕೆಂದರೆ, ಬುಡದಲ್ಲಿ ಮೈಮೇಲಿನ ಭಾರ ತೂಕದ ಆರು ಪಟ್ಟಾದರೂ ಆಗಲೇಬೇಕು. ಈ ಲೆಕ್ಕದಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಅದೂ ನೇರ ಹಳಿಯಿಂದ ವೃತ್ತಕ್ಕೆ ನುಗ್ಗಿದೊಡನೆ ಒಮ್ಮೆಲೇ ಬೀಳುವ ಭಾರ. ಹತ್ತಿದವರ ಕುತ್ತಿಗೆ ಉಳುಕುತ್ತಿತ್ತು. 1927ರಲ್ಲಿ ಕೆನಡಾದ ಕ್ರಿಸ್ಟಲ್ ಬೀಚ್‌ನಲ್ಲಿ ಹ್ಯಾರಿ ಟ್ರ್ಯಾವರ್ ಕಟ್ಟಿಸಿದ ಸೈಕ್ಲೋನ್ ಇನ್ನೂ ಕ್ರೂರ. ಸಪಾಟು ಹಳಿ ಎಂಬುದೇ ಅದರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಇಳಿದವರನ್ನು ನೋಡಿಕೊಳ್ಳಲು ನಿಲ್ದಾಣದಲ್ಲಿ ಒಬ್ಬ ನರ್ಸ್ ಇರುತ್ತಿದ್ದರು. ಹತ್ತುವವರಿಗಿಂತ ನಿಂತು ನೋಡುವವರೇ ಹೆಚ್ಚಾದರು. ನಿರ್ವಹಣೆಯ ಖರ್ಚು ಏರಿತು. 1946ರಲ್ಲಿ ಅದನ್ನು ಕೆಡವಿದರು. ಗೀಳಿನವರು ಇಂದಿಗೂ ಕೊಂಡಾಡುವ ಆ ‘ಸುವರ್ಣಕಾಲ’ದ ಇಂಥ ಯಂತ್ರಗಳು ಕಣ್ಮರೆಯಾದದ್ದಕ್ಕೆ ಯಾವ ಸುರಕ್ಷತಾ ಮಾನದಂಡವೂ ಕಾರಣವಲ್ಲ. ಜನರೇ ಅವುಗಳನ್ನು ಬಿಟ್ಟರು.

ತಲೆಕೆಳಗಾಗುವ ಸುತ್ತು ನಿಜವಾಗಿ ಗೆದ್ದದ್ದು 1976ರಲ್ಲಿ. ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನ ರೆವಲ್ಯೂಷನ್‌ಗಾಗಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ವೃತ್ತವನ್ನೇ ಕೈಬಿಟ್ಟರು. ಅವರು ಆರಿಸಿಕೊಂಡದ್ದು ತಲೆಕೆಳಗಾದ ನೀರಹನಿಯ ಆಕಾರವನ್ನು: ಬುಡದಲ್ಲಿ ಅಗಲವಾದ ಬಾಗು, ಮೇಲೇರಿದಂತೆ ಬಿಗಿಯಾಗುವ ಬಾಗು. ವೇಗ ಹೆಚ್ಚಿರುವ ಬುಡದಲ್ಲಿ ತಿರುವು ಹಗುರ, ವೇಗ ಇಳಿದಿರುವ ನೆತ್ತಿಯಲ್ಲಿ ತಿರುವು ಬಿಗಿ. ಭಾರ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ಕುತ್ತಿಗೆ ಉಳಿಯುತ್ತದೆ. ರೈಲು ರಸ್ತೆಗಳ ತಿರುವಿಗೆ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿದ್ದ ಗಣಿತವೇ ಇಲ್ಲಿ ನೆಟ್ಟಗೆ ಎದ್ದು ನಿಂತಿತ್ತು. ಇಂದು ಜಗತ್ತಿನಲ್ಲಿ ತಲೆಕೆಳಗಾಗಿ ಸುತ್ತಿಸುವ ದೊಡ್ಡ ಕೋಸ್ಟರ್‌ಗಳೆಲ್ಲ ಈ ತತ್ವಕ್ಕೆ ಋಣಿ.

ಹಳಿಯೂ ಬದಲಾಗಿತ್ತು. 1959ರಲ್ಲಿ ಡಿಸ್ನಿಲ್ಯಾಂಡ್‌ನ ಮ್ಯಾಟರ್‌ಹಾರ್ನ್ ಉಕ್ಕಿನ ಕೊಳವೆಯನ್ನೇ ಹಳಿಯಾಗಿ ಬಳಸಿತು. ಮರದ ಕೋಸ್ಟರ್‌ನ ಗಡಗಡ ನಿಂತಿತು. ಮುಂದೆ ಕಂಪ್ಯೂಟರ್ ಬಂದು, ಕೂತವರ ಎದೆಯ ಮಟ್ಟಕ್ಕೆ ಯಾವ ಕ್ಷಣದಲ್ಲಿ ಎಷ್ಟು ಭಾರ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹಳಿ ಬಾಗಿಸುವುದು ಸಾಧ್ಯವಾಯಿತು. ‘ಸಪ್ಪೆ’ ಎಂಬ ದೂರಿನ ಬೇರು ಇಲ್ಲಿದೆ. ಕುಲುಕಾಟವನ್ನೇ ವೇಗವೆಂದು ಓದಿಕೊಂಡಿದ್ದ ಮೈಗೆ, ಕುಲುಕದೆ ಓಡುವ ಯಂತ್ರ ನಿಧಾನವಾಗಿ ಕಾಣುತ್ತದೆ. ಹದಗೆಟ್ಟ ರಸ್ತೆಯ ಬಸ್ಸಿನಲ್ಲಿ 50 ಕಿ.ಮೀ. ವೇಗವೇ ಅತಿ ಎನಿಸುವುದು, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100 ಕಿ.ಮೀ. ಕೂಡ ಗೊತ್ತೇ ಆಗದಿರುವುದು ಇದೇ ಕಾರಣಕ್ಕೆ.

ಅಂಕಿಗಳಂತೂ ಸಪ್ಪೆಯ ವಾದವನ್ನು ಒಪ್ಪುವುದಿಲ್ಲ. 2005ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರಂಭವಾದ ಕಿಂಗ್ಡಾ ಕಾ 139 ಮೀಟರ್ ಎತ್ತರವಿತ್ತು, ಗಂಟೆಗೆ 206 ಕಿ.ಮೀ. ವೇಗದಲ್ಲಿ ಚಿಮ್ಮುತ್ತಿತ್ತು. ಅಬುಧಾಬಿಯ ಫಾರ್ಮುಲಾ ರೋಸಾ 2010ರಲ್ಲಿ 240 ಕಿ.ಮೀ. ಮುಟ್ಟಿತು. ಕಿಂಗ್ಡಾ ಕಾವನ್ನು 2025ರಲ್ಲಿ ಸ್ಫೋಟಿಸಿ ಕೆಡವಿದಾಗ ಎಷ್ಟೋ ಅಭಿಮಾನಿಗಳು ಮನಸ್ಸು ನೋಯಿಸಿಕೊಂಡರು. ಆದರೆ ಎತ್ತರ ಮತ್ತು ವೇಗ ಮಾತ್ರ ರೋಮಾಂಚನವಲ್ಲ ಎಂಬುದನ್ನು ಒಹಾಯೊದ ಸೀಡರ್ ಪಾಯಿಂಟ್ ಪಾರ್ಕ್ 2018ರಲ್ಲಿ ತೋರಿಸಿತು. ಅಲ್ಲಿನ ಹಳೆಯ, ಒರಟಾಗಿ ಹೋಗಿದ್ದ ಮರದ ಕೋಸ್ಟರ್‌ನ ಚೌಕಟ್ಟಿನ ಮೇಲೆ ಉಕ್ಕಿನ ಹಳಿ ಕೂರಿಸಿ ಸ್ಟೀಲ್ ವೆಂಜನ್ಸ್ ಕಟ್ಟಿದರು. ಎತ್ತರ ಕಿಂಗ್ಡಾ ಕಾದ ಅರ್ಧಕ್ಕಿಂತ ಕಡಿಮೆ, ವೇಗ 119 ಕಿ.ಮೀ. ಆದರೆ ಒಂದೇ ಓಟದಲ್ಲಿ ಒಟ್ಟು 27 ಸೆಕೆಂಡು ಏರ್‌ಟೈಮ್. ಮೈಗೆ ನೋವಿಲ್ಲ, ರೋಮಾಂಚನಕ್ಕೆ ಕೊರತೆಯಿಲ್ಲ.

ದೂರು ಪೂರ್ತಿ ಸುಳ್ಳೂ ಅಲ್ಲ. ಭುಜದ ಮೇಲಿಂದ ಇಳಿಯುವ ದಪ್ಪ ಪಟ್ಟಿ ಮೈಯನ್ನು ಸೀಟಿಗೆ ಬಿಗಿದಿಟ್ಟಾಗ ಏರ್‌ಟೈಮ್ ಸತ್ತುಹೋಗುತ್ತದೆ. ಅದೇ ವಿನ್ಯಾಸ ಕೆಟ್ಟದಾಗಿದ್ದರೆ ಕಿವಿಗಳಿಗೆ ಬಡಿಯುತ್ತದೆ. ನಡುದಾರಿಯಲ್ಲಿ ವೇಗ ತಗ್ಗಿಸಲು ಬ್ರೇಕ್ ಹಾಕುವುದರಿಂದ ಓಟದ ದ್ವಿತೀಯಾರ್ಧ ಸೊರಗುವುದೂ ನಿಜ. ತೊಡೆಯ ಮೇಲೆ ಮಾತ್ರ ಕೂರುವ ಅಡ್ಡಪಟ್ಟಿಯಿಂದಲೇ ಸುರಕ್ಷಿತವಾಗಿ ಹಿಡಿದಿಡುವ ತಂತ್ರ ಈಗ ಇರುವಾಗ, ಅಗತ್ಯವಿಲ್ಲದೆಡೆ ಭುಜದ ಪಟ್ಟಿ ಹೇರುವುದು ವಿನ್ಯಾಸಕಾರರ ಸೋಮಾರಿತನ. ಈ ಒಂದು ವಿಷಯದಲ್ಲಿ ಗೀಳಿನವರ ಪಕ್ಷವೇ ಸರಿ.

ಭಾರತದ ಮಟ್ಟಿಗೆ ಪ್ರಶ್ನೆಯೇ ಬೇರೆ. ಇಲ್ಲಿ ಕ್ರೂರ ಕೋಸ್ಟರ್‌ಗಳ ಕಾಲವೇ ಬರಲಿಲ್ಲ, ಹಾಗಾಗಿ ಸಪ್ಪೆಯಾಗುವುದಕ್ಕೆ ಏನೂ ಇರಲಿಲ್ಲ. 1984ರಲ್ಲಿ ದೆಹಲಿಯಲ್ಲಿ ತೆರೆದ ಅಪ್ಪು ಘರ್‌ನಿಂದ ಹಿಡಿದು ನಮ್ಮ ಪಾರ್ಕುಗಳೆಲ್ಲ ಕುಟುಂಬಗಳನ್ನು ನಂಬಿ ನಡೆದವು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಆಗಿ ಶುರುವಾದ ಸಂಸ್ಥೆ 2005ರಲ್ಲಿ ಬಿಡದಿಗೆ ವಂಡರ್‌ಲಾ ಆಗಿ ಬಂದಾಗಲೂ ಲೆಕ್ಕಾಚಾರ ಇದೇ: ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಂದೇ ಗೇಟಿನಲ್ಲಿ ಒಳಬರಬೇಕು, ಅರ್ಧ ದಿನ ನೀರಲ್ಲಿ ಆಡಬೇಕು. ಅಲ್ಲಿರುವ ರೀಕಾಯಿಲ್ ಮುಂದಕ್ಕೆ ಓಡಿ, ತಲೆಕೆಳಗಾಗಿ, ಅದೇ ಹಳಿಯಲ್ಲಿ ಹಿಂದಕ್ಕೂ ಓಡುತ್ತದೆ. ಮುಂದೇನು ಬರುತ್ತದೆ ಎಂದು ಕಾಣದೆ ಹಿಮ್ಮುಖವಾಗಿ ಸುತ್ತುವುದು ಸಣ್ಣ ಸಂಗತಿಯಲ್ಲ. ಖೋಪೋಲಿ ಬಳಿ 2013ರಲ್ಲಿ ಆರಂಭವಾದ ಇಮ್ಯಾಜಿಕಾ ಪಾರ್ಕಿನ ನೈಟ್ರೋ ಐದು ಬಾರಿ ತಲೆಕೆಳಗಾಗಿಸುತ್ತದೆ. ವಿದೇಶದ ದಾಖಲೆಗಳ ಮುಂದೆ ಇವು ಸಣ್ಣವು. ಆದರೆ ಮೊದಲ ಬಾರಿ ಹತ್ತುವ ಗುಂಡ್ಲುಪೇಟೆಯ ವಿದ್ಯಾರ್ಥಿಗೆ ಇವು ಸಾಲದು ಎನ್ನುವುದು ಅನ್ಯಾಯದ ಮಾತು.

ಹಾಗಾದರೆ ಜಾತ್ರೆಯ ಕೊಲಂಬಸ್ ಹೆಚ್ಚು ಹೆದರಿಸುವುದೇಕೆ? ಸುತ್ತೂರು ಜಾತ್ರೆ, ಮೈಸೂರಿನ ದಸರಾ ವಸ್ತುಪ್ರದರ್ಶನ, ಪಟ್ಟಣದ ಮೈದಾನಗಳಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ಎಕ್ಸಿಬಿಷನ್‌ಗಳಲ್ಲಿ ಈ ದೋಣಿ ಇದ್ದೇ ಇರುತ್ತದೆ. ಅದು ಎಪ್ಪತ್ತು ಡಿಗ್ರಿಯವರೆಗೆ ತೂಗಿದರೆ ತಳದಲ್ಲಿ ಮೈಭಾರ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ತುದಿಯಲ್ಲಿ ಮೂರನೇ ಒಂದಕ್ಕೆ ಇಳಿಯುತ್ತದೆ. ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುವುದು ಈ ಇಳಿಕೆಗೆ. ಜೊತೆಗೆ ಮೈಯನ್ನು ಹಿಡಿದಿರುವುದು ಸಡಿಲವಾದ ಒಂದು ಅಡ್ಡಕಂಬಿ ಮಾತ್ರ. ಹೀಗೆ ಗೀಳಿನವರು ಕೋಟಿ ಕೋಟಿ ಸುರಿದ ಯಂತ್ರದಲ್ಲಿ ಹುಡುಕುವ ಏರ್‌ಟೈಮ್‌ನ ಒಂದು ಪಾಲು ಜಾತ್ರೆಯ ದೋಣಿಯಲ್ಲಿ ನಿಜಕ್ಕೂ ಸಿಗುತ್ತದೆ. ಹುಡುಗರ ಮಾತಿನಲ್ಲಿರುವ ಅರ್ಧ ನಿಜ ಇದು.

ಉಳಿದ ಭಯ ಬೇರೆ ಕಡೆಯಿಂದ ಬರುತ್ತದೆ. ಈ ಯಂತ್ರಗಳನ್ನು ಲಾರಿಯಲ್ಲಿ ತಂದು, ಮೈದಾನದ ಮಣ್ಣಿನ ಮೇಲೆ ಮರದ ದಿಮ್ಮಿ ಇಟ್ಟು ಮಟ್ಟ ಮಾಡಿ, ಕಂಬಿಗಳನ್ನು ಬೋಲ್ಟು, ಪಿನ್ನುಗಳಿಂದ ಜೋಡಿಸಿ ನಿಲ್ಲಿಸುತ್ತಾರೆ. ಜಾತ್ರೆ ಮುಗಿದೊಡನೆ ಬಿಚ್ಚಿ ಇನ್ನೊಂದೂರಿಗೆ. ಬಿಚ್ಚಿ ಜೋಡಿಸಿದಷ್ಟೂ ತೂತುಗಳು ಸವೆಯುತ್ತವೆ, ಬೆಸುಗೆ ದಣಿಯುತ್ತದೆ, ಮಳೆ ಬಿದ್ದರೆ ದಿಮ್ಮಿಯ ಕೆಳಗಿನ ಮಣ್ಣು ಕುಸಿಯುತ್ತದೆ. ಕಿರ್ ಎನ್ನುವ ಸದ್ದಿಗೆ ಎದೆ ಝಲ್ಲೆಂದರೆ ಅದು ವಿನ್ಯಾಸಕಾರ ಉಣಬಡಿಸಿದ ರೋಮಾಂಚನವಲ್ಲ. ಮೈ ಸರಿಯಾಗಿಯೇ ಗುರುತಿಸಿದ ಅಪಾಯ. 2019ರ ಜುಲೈನಲ್ಲಿ ಅಹಮದಾಬಾದ್‌ನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ಆಟವೊಂದು ಮುರಿದುಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಅದು ಜಾತ್ರೆಯ ಯಂತ್ರವೂ ಆಗಿರಲಿಲ್ಲ, ಒಂದೇ ಕಡೆ ನಿಂತಿದ್ದ ಆಟವಾಗಿತ್ತು. ಊರೂರು ಸುತ್ತುವ ಯಂತ್ರಗಳಿಗೆ ಎಚ್ಚರ ಇನ್ನೂ ಹೆಚ್ಚು ಬೇಕು.

ಇಂಥ ಆಟಗಳ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15475 ಎಂಬ ಮಾನದಂಡವಿದೆ. ದೊಡ್ಡ ಪಾರ್ಕುಗಳಲ್ಲಿ ಪ್ರತಿದಿನ ಗೇಟು ತೆರೆಯುವ ಮುನ್ನ ಖಾಲಿ ರೈಲು ಓಡಿಸಿ ನೋಡುವ ಪದ್ಧತಿಯಿದೆ. ಹಳಿಯನ್ನು ತುಂಡುಗಳಾಗಿ ಭಾಗಿಸಿ, ಒಂದು ತುಂಡಿನಲ್ಲಿ ಒಂದೇ ರೈಲು ಇರುವಂತೆ ಕಂಪ್ಯೂಟರ್ ಕಾಯುತ್ತದೆ. ಆದರೂ 2015ರಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ಸಿಬ್ಬಂದಿ ಕಂಪ್ಯೂಟರ್‌ನ ತಡೆಯನ್ನು ಮೀರಿ ರೈಲು ಬಿಟ್ಟಾಗ ಡಿಕ್ಕಿಯಾಗಿ ಇಬ್ಬರು ಯುವತಿಯರು ಕಾಲು ಕಳೆದುಕೊಂಡರು. ಯಂತ್ರ ಎಷ್ಟೇ ಜಾಣವಾಗಿದ್ದರೂ ಮನುಷ್ಯರ ಶಿಸ್ತಿಗೆ ಬದಲಿಯಿಲ್ಲ.

ರೋಲರ್ ಕೋಸ್ಟರ್‌ನಿಂದ ಹೋದದ್ದು ನೋವು, ಕುಲುಕಾಟ ಮತ್ತು ಕೈಲಾಗದ ಲೆಕ್ಕ. ಇವು ಹೋದದ್ದೇ ಒಳ್ಳೆಯದಾಯಿತು. ಜಾತ್ರೆಯಲ್ಲಿ ಕೊಲಂಬಸ್ ಹತ್ತುವವರು ಟಿಕೆಟ್ ಕೊಳ್ಳುವ ಮುನ್ನ ಒಂದು ಸುತ್ತು ಸುಮ್ಮನೆ ನಿಂತು ನೋಡಲಿ: ಕಂಬದ ಬುಡ ಅಲುಗಾಡುತ್ತಿದೆಯೇ, ಪ್ರತಿ ಸಾಲಿನ ಅಡ್ಡಕಂಬಿಗೂ ಬೀಗ ಬೀಳುತ್ತಿದೆಯೇ, ಆಡಿಸುವವನು ಅದನ್ನು ಎಳೆದು ನೋಡುತ್ತಿದ್ದಾನೆಯೇ, ಸೀಟಿಗೆ ಮೀರಿ ಜನ ಕೂರುತ್ತಿದ್ದಾರೆಯೇ. ಅನುಮಾನ ಬಂದರೆ ಮಕ್ಕಳನ್ನು ಹತ್ತಿಸಬೇಡಿ. ಜಾತ್ರೆ ಸಮಿತಿಗೋ ಅಲ್ಲೇ ಇರುವ ಪೊಲೀಸರಿಗೋ ತಿಳಿಸಿ.