ಎವೆಗೂದಲು ಕೀಳುವ ಆವೇಗ ಮತ್ತು ಅದರ ನಿಯಂತ್ರಣ

ತಲೆಯ, ಹುಬ್ಬಿನ ಅಥವಾ ಕಣ್ಣೆವೆಯ ಕೂದಲನ್ನು ಮತ್ತೆ ಮತ್ತೆ ಕಿತ್ತುಕೊಳ್ಳುವ, ಬಿಡಬೇಕೆಂದು ಬಯಸಿದರೂ ಬಿಡಲಾಗದ ಪ್ರವೃತ್ತಿಯೊಂದುಂಟು. ಹಾಲೊಪೋ ಎಂಬ ಫ್ರೆಂಚ್ ಚರ್ಮವೈದ್ಯನು 1889ರಲ್ಲಿ ಇದಕ್ಕೆ ಟ್ರೈಕೊಟಿಲೊಮೇನಿಯ ಎಂದು ಹೆಸರಿಟ್ಟನು. ಗ್ರೀಕ್ ಪದಗಳಿಂದ ಕಟ್ಟಿದ ಈ ಹೆಸರಿನ ಕೊನೆಯ ಭಾಗಕ್ಕೆ ಉನ್ಮಾದವೆಂದು ಅರ್ಥ. ಹೆಸರು ಇಂದಿಗೂ ಬಳಕೆಯಲ್ಲಿದೆಯಾದರೂ ಅದು ಸಮರ್ಪಕವಲ್ಲವೆಂದೇ ನಮ್ಮ ಅಭಿಪ್ರಾಯ. ಇದಕ್ಕೆ ಒಳಗಾದವರು ಉನ್ಮತ್ತರಲ್ಲ. ಕನ್ನಡದಲ್ಲಿ ಕೇಶಲುಂಚನವೆಂಬ ಮಾತು ಸಿದ್ಧವಾಗಿಯೇ ಇದೆಯಲ್ಲವೆಂದು ಕೆಲವರಿಗೆ ತೋರಬಹುದು. ಅದು ಜೈನಯತಿಗಳ ವ್ರತಕ್ಕೆ ಸಲ್ಲುವ ಮಾತು. ಅಲ್ಲಿ ಸಂಕಲ್ಪವು ಮುಂದೆ, ಕೈ ಹಿಂದೆ; ಇಲ್ಲಿ ಮನಸ್ಸು ಬೇಡವೆನ್ನುವಷ್ಟರಲ್ಲಿ ಕೈ ತನ್ನ ಕೆಲಸವನ್ನು ಮುಗಿಸಿರುತ್ತದೆ. ಆದುದರಿಂದ ಇದನ್ನು ಕೂದಲು ಕೀಳುವ ಆವೇಗವೆಂದಷ್ಟೇ ಕರೆಯುವೆವು.

ಇದು ಅಪರೂಪದ ವಿಷಯವೇನೂ ಅಲ್ಲ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಈ ತೊಂದರೆ ಇರುವುದೆಂದು ಸಮೀಕ್ಷೆಗಳಿಂದ ತಿಳಿದುಬಂದಿದೆ. ಸಾಮಾನ್ಯವಾಗಿ 10ರಿಂದ 13ನೆಯ ವಯಸ್ಸಿನಲ್ಲಿ ಮೊದಲಾಗುವುದರಿಂದ ಕಾಲೇಜಿಗೆ ಬರುವಷ್ಟರಲ್ಲಿ ವಿದ್ಯಾರ್ಥಿಗೆ ಅದನ್ನು ಮರೆಮಾಚುವ ಕಲೆ ಕರಗತವಾಗಿರುತ್ತದೆ. ತಲೆಯಲ್ಲಿ ಕೂದಲು ಹೋದ ಜಾಗವನ್ನು ಬಾಚಿ ಮುಚ್ಚಬಹುದು. ಎವೆಯನ್ನು ಮುಚ್ಚುವುದು ಹೇಗೆ? ದಪ್ಪ ಚೌಕಟ್ಟಿನ ಕನ್ನಡಕ, ಗಾಢವಾಗಿ ತೀಡಿದ ಕಾಡಿಗೆ, ಎದುರಿನವರ ಮುಖವನ್ನು ನೋಡದ ತಗ್ಗಿದ ತಲೆ, ಇವುಗಳ ಹಿಂದೆ ಅದು ಅಡಗಿರುತ್ತದೆ. ವೈದ್ಯರ ಬಳಿಗೆ ಹೋಗಲೂ ನಾಚಿಕೆ ಅಡ್ಡಬರುತ್ತದೆ.

ಕೀಳುವಿಕೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಓದುತ್ತಲೋ ಯೋಚಿಸುತ್ತಲೋ ಇರುವಾಗ ಅರಿವಿಲ್ಲದೆಯೇ ನಡೆಯುವುದು ಒಂದು. ಪುಸ್ತಕದ ಮೇಲೆ ಬಿದ್ದ ಕೂದಲುಗಳನ್ನು ಕಂಡಮೇಲೆ ಮಾತ್ರ ಅದು ತಿಳಿಯುತ್ತದೆ. ಕಳವಳವೋ ಬೇಸರವೋ ಏರಿದಾಗ, ಅಥವಾ ಒಂದು ಕೂದಲು ಒರಟಾಗಿದೆ, ಸರಿಯಾಗಿಲ್ಲವೆಂದು ತೋರಿದಾಗ, ಕನ್ನಡಿಯ ಮುಂದೆ ನಿಂತು ಹುಡುಕಿ ಕೀಳುವುದು ಇನ್ನೊಂದು. ಕಿತ್ತೊಡನೆ ಕ್ಷಣಕಾಲ ಹಗುರವೆನಿಸುತ್ತದೆ. ಆ ಹಗುರವೇ ಮುಂದಿನ ಬಾರಿಗೆ ಕೈಯನ್ನು ಕರೆಯುತ್ತದೆ. ಒಬ್ಬರಲ್ಲಿಯೇ ಎರಡೂ ಬಗೆಗಳು ಇರುವುದುಂಟು. ಗೀಳುರೋಗದಲ್ಲಿರುವಂತೆ ಇಲ್ಲಿ ಭಯಂಕರವಾದ ಯೋಚನೆಯೊಂದು ಹಿಂದೆ ನಿಂತು ನೂಕುವುದು ವಿರಳ. ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರಲ್ಲಿ ಇದನ್ನು ಗೀಳಿಗೆ ಸಂಬಂಧಪಟ್ಟ ವ್ಯಾಧಿಗಳ ಗುಂಪಿಗೆ ಸೇರಿಸಿತಾದರೂ ಗೀಳಿಗೆ ನೆರವಾಗುವ ಔಷಧಗಳು ಇಲ್ಲಿ ಅಷ್ಟಾಗಿ ಫಲಿಸಿಲ್ಲ.

ಫಲ ತೋರಿದ ಕ್ರಮವು ಬೇರೆ ಕಡೆಯಿಂದ ಬಂದಿತು. 1973ರಲ್ಲಿ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಅಭ್ಯಾಸ ಹಿಮ್ಮುಖಗೊಳಿಸುವ ವಿಧಾನವೊಂದನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ 12 ಮಂದಿಯ ಅಭ್ಯಾಸಗಳಲ್ಲಿ ಉಗುರು ಕಚ್ಚುವುದರ ಜೊತೆಗೆ ಎವೆಗೂದಲು ಕೀಳುವುದೂ ಇತ್ತು. ಕೀಳಬೇಡವೆಂಬ ಆಜ್ಞೆಗೆ ಅವರ ವಿಧಾನದಲ್ಲಿ ಸ್ಥಾನವಿಲ್ಲ. ಮೊದಲು ಕೈಯ ದಾರಿಯನ್ನು ಅರಿಯಬೇಕು. ಮೊಳಕೈ ಮೇಜಿನ ಮೇಲೆ ಊರುತ್ತದೆ, ಕೆನ್ನೆ ಅಂಗೈಗೆ ಒರಗುತ್ತದೆ, ಬೆರಳ ತುದಿ ಎವೆಯಂಚನ್ನು ಸವರುತ್ತದೆ, ಒಂದು ಕೂದಲನ್ನು ಆರಿಸುತ್ತದೆ. ಕೀಳುವುದು ಇವೆಲ್ಲದರ ಕೊನೆ. ಯಾವ ಹೊತ್ತು, ಯಾವ ಸ್ಥಳ, ಯಾವ ಭಾವವೆಂದು ಕೆಲವು ದಿನ ಬರೆದಿಟ್ಟರೆ ದಾರಿ ಸ್ಪಷ್ಟವಾಗುತ್ತದೆ. ಆಮೇಲೆ, ಮೊಳಕೈ ಊರಿದೊಡನೆಯೇ, ಕೀಳುವುದಕ್ಕೆ ಎಡೆಕೊಡದ ಬೇರೊಂದು ಕ್ರಿಯೆಯನ್ನು ಮಾಡಬೇಕು: ಮುಷ್ಟಿ ಬಿಗಿಹಿಡಿದು ತೋಳನ್ನು ಮೈಗೆ ಒತ್ತಿಕೊಳ್ಳುವುದು, ಇಲ್ಲವೆ ಪುಸ್ತಕವನ್ನು ಎರಡೂ ಕೈಗಳಿಂದ ಹಿಡಿಯುವುದು. ಒಂದರಿಂದ ಮೂರು ನಿಮಿಷ ಸಾಕು. ಆವೇಗವು ಅಲೆಯಂತೆ ಏರಿ ತಾನಾಗಿಯೇ ಇಳಿಯುತ್ತದೆ.

ಇದರೊಡನೆ ಸಂದರ್ಭವನ್ನು ಬದಲಿಸಬೇಕು. ಚಿಮುಟವನ್ನು ಕೈಗೆಟುಕದಂತೆ ಇಡುವುದು, ಕನ್ನಡಿಯೆದುರು ನಿಲ್ಲುವ ಹೊತ್ತನ್ನು ಮಿತಗೊಳಿಸುವುದು, ಓದುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ಅಂಟುಪಟ್ಟಿ ಸುತ್ತುವುದು, ಇಂತಹ ಸಣ್ಣ ಉಪಾಯಗಳನ್ನು ನಾವು ಹಗುರವಾಗಿ ಎಣಿಸಲಾರೆವು. ಅರಿವಿಲ್ಲದೆ ಹೋಗುವ ಕೈಯನ್ನು ಅವು ಎಚ್ಚರಿಸುತ್ತವೆ. ಎರಡನೆಯ ಬಗೆಗೆ ಇಷ್ಟು ಸಾಲದು, ಕಳವಳಕ್ಕೇ ಚಿಕಿತ್ಸೆ ಬೇಕಾಗುತ್ತದೆ. ಔಷಧಗಳ ಪೈಕಿ ಎನ್-ಅಸಿಟೈಲ್‌ಸಿಸ್ಟೀನ್ 2009ರಲ್ಲಿ 50 ಮಂದಿ ವಯಸ್ಕರ ಮೇಲೆ ನಡೆದ ಪ್ರಯೋಗದಲ್ಲಿ ಗುಣ ತೋರಿತು. 2013ರಲ್ಲಿ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ತೋರಲಿಲ್ಲ. ವೈದ್ಯರ ಸಲಹೆಯಿಲ್ಲದೆ ಅದನ್ನು ಸೇವಿಸತಕ್ಕದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹುಬ್ಬು ಎವೆಗಳು ಉದುರುವುದಕ್ಕೆಲ್ಲ ಕೀಳುವುದೇ ಕಾರಣವಲ್ಲ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ, ಕೂದಲು ಬಿಲ್ಲೆಬಿಲ್ಲೆಯಾಗಿ ಉದುರುವ ರೋಗದಿಂದಲೂ, ಕುಷ್ಠದಿಂದಲೂ ಅವು ಹೋಗಬಹುದು. ರೆಪ್ಪೆಯಂಚಿನ ಉರಿಯೂತದಿಂದ ಉಂಟಾದ ತುರಿಕೆಯೇ ಕೈಯನ್ನು ಸೆಳೆಯುತ್ತಿರಲೂಬಹುದು. ಆದಕಾರಣ ಚರ್ಮವೈದ್ಯರೋ ನೇತ್ರವೈದ್ಯರೋ ಮೊದಲು ನೋಡುವುದು ಒಳಿತು.

ಅಧ್ಯಾಪಕರು ಮಾಡಬಹುದಾದುದೇನು? ತರಗತಿಯ ನಡುವೆ “ಕೈ ತೆಗೆ” ಎನ್ನುವುದು ಸರ್ವಥಾ ಬೇಡ. ನಾಚಿಕೆಯು ಕಳವಳವನ್ನು ಬೆಳೆಸುತ್ತದೆ, ಕಳವಳವು ಕೈಯನ್ನು ಮತ್ತೆ ಎವೆಗೆ ಒಯ್ಯುತ್ತದೆ. ಏಕಾಂತದಲ್ಲಿ, ಇದು ಬಲ್ಲ ತೊಂದರೆ, ಇದಕ್ಕೆ ಕ್ರಮವಾದ ಚಿಕಿತ್ಸೆಯುಂಟು ಎಂದು ಹೇಳಿ ಮನಶ್ಶಾಸ್ತ್ರಜ್ಞರ ಬಳಿಗೆ ಕಳುಹಿಸುವುದು ಸಾಕು. ಇಚ್ಛಾಶಕ್ತಿ ಸಾಲದೆಂದು ತನ್ನನ್ನೇ ಹಳಿದುಕೊಳ್ಳುತ್ತಿರುವ ವಿದ್ಯಾರ್ಥಿಗೆ ಈ ತೊಂದರೆಗೆ ಒಂದು ಹೆಸರುಂಟೆಂದು ತಿಳಿಯುವುದೇ ದೊಡ್ಡ ಸಮಾಧಾನ.

ಕಿತ್ತ ಎವೆಗೂದಲು ಮತ್ತೆ ಬೆಳೆಯಲು ಸುಮಾರು 2 ತಿಂಗಳು ಬೇಕು, ಹುಬ್ಬಿಗೆ ಇನ್ನೂ ಹೆಚ್ಚು. ವರ್ಷಗಟ್ಟಲೆ ಕಿತ್ತ ಕಡೆ ತೆಳುವಾಗಿಯೇ ಉಳಿಯಬಹುದು. ಹೊಸ ಕೂದಲು ಚುಚ್ಚುಚುಚ್ಚಾಗಿ ಮೊಳೆಯುವ ವಾರಗಳಲ್ಲಿ ಬೆರಳಿಗೆ ಅದು ಒರಟಾಗಿ ತಗಲುವುದರಿಂದ ಆವೇಗವು ಮತ್ತೆ ಬಲವಾಗುವುದುಂಟು. ಚಿಕಿತ್ಸೆ ಮುಗಿಯಿತೆಂದು ದಿನಚರಿಯ ಟಿಪ್ಪಣಿಯನ್ನು ನಿಲ್ಲಿಸುವುದೂ ಬಹುಮಟ್ಟಿಗೆ ಆಗಲೇ. ಆ ವಾರಗಳು ಪರೀಕ್ಷೆಯ ಕಾಲಕ್ಕೆ ಬಿದ್ದರಂತೂ ಬರೆದಿಡುವುದನ್ನೂ ಮುಷ್ಟಿಯ ಅಭ್ಯಾಸವನ್ನೂ ಒಂದು ದಿನವೂ ತಪ್ಪಿಸದಿರುವುದು ಲೇಸು.