‘ರೇಂಜ್ ಇಲ್ಲ’ ಅಂದರೆ ಯಾವುದಿಲ್ಲ? ವೈಫೈಯ ಕೆಲವು ಮೂಲಪದಗಳು

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ಸಾಹಿತ್ಯದ ವಿದ್ಯಾರ್ಥಿಗೆ ವೈಫೈ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಒಂದು ಪದ. ಮೊಬೈಲ್ ಸಿಗದಿದ್ದರೂ, ನೆಟ್ ನಿಧಾನವಾದರೂ, ವೈಫೈ ಹೋದರೂ ಕಾಸರಗೋಡಿನ ನಾವು ಹೇಳುವುದು ಒಂದೇ: ‘ರೇಂಜ್ ಇಲ್ಲ’. ಮಲಯಾಳಿಗಳ ಒಡನಾಟದಲ್ಲಿ ನಮಗೂ ರೂಢಿಯಾದ ಮಾತಿದು.

ಕಳೆದ ಸೆಮಿಸ್ಟರಿನಲ್ಲಿ ನನ್ನ ಆನ್‌ಲೈನ್ ಪ್ರಬಂಧ ಮಂಡನೆ ಅರ್ಧಕ್ಕೇ ಕಡಿದುಹೋಯಿತು. ‘ರೇಂಜ್ ಇಲ್ಲ’ ಅಂತ ದೂರು ಕೊಟ್ಟೆ. ಬಂದವರು ಹೊರಗಿನ ಕೇಬಲ್ ನೋಡಿ, ‘ಲೈನ್ ಸರಿ ಉಂಟು’ ಎಂದು ಹೋದರು. ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಎರಡು ಬೇರೆ ಸಂಗತಿಗಳಿಗೆ ನನ್ನಲ್ಲಿ ಇದ್ದದ್ದು ಒಂದೇ ಪದ. ಆ ಮಂಡನೆಯ ಅಂಕ ಹೋಯಿತು.

ಹಾಗಾಗಿ ಮೊದಲ ವ್ಯತ್ಯಾಸ: ವೈಫೈ ಬೇರೆ, ಇಂಟರ್ನೆಟ್ ಬೇರೆ. ವೈಫೈ ಎಂದರೆ ಒಂದು ಮನೆ ಅಥವಾ ಕಾಲೇಜಿನೊಳಗೆ ರೇಡಿಯೋ ಅಲೆಗಳಿಂದ ಕೂಡಿಸಿದ ಸ್ಥಳೀಯ ಜಾಲ. ಹೊರಗಿನ ಕೇಬಲ್ ತುಂಡಾದರೂ ಫೋನಿನಲ್ಲಿ ವೈಫೈ ಗುರುತು ಪೂರ್ತಿ ಕಾಣಿಸಬಹುದು, ಪಕ್ಕದ ಕೋಣೆಯ ಪ್ರಿಂಟರ್ ಕೆಲಸ ಮಾಡಬಹುದು. ಇದರ ತಾಂತ್ರಿಕ ಮಾನಕ 802.11, ಮೊದಲು ಬಂದದ್ದು 1997ರಲ್ಲಿ. ‘ವೈಫೈ’ ಆಮೇಲೆ ಮಾರುಕಟ್ಟೆಗಾಗಿ ಇಟ್ಟ ಹೆಸರು. ಅದು ಯಾವುದರ ಸಂಕ್ಷೇಪವೂ ಅಲ್ಲ.

ಎರಡನೆಯದು, ರೌಟರ್ ಮತ್ತು ಆಕ್ಸೆಸ್ ಪಾಯಿಂಟ್. ಒಳಗಿನ ಜಾಲಕ್ಕೂ ಹೊರಗಿನ ಜಾಲಕ್ಕೂ ನಡುವೆ ಮಾಹಿತಿಗೆ ದಾರಿ ತೋರಿಸುವುದು ರೌಟರ್. ಆ ಮಾಹಿತಿಯನ್ನು ರೇಡಿಯೋ ಅಲೆಯಾಗಿಸಿ ಫೋನಿಗೆ ತಲುಪಿಸುವುದು ಆಕ್ಸೆಸ್ ಪಾಯಿಂಟ್. ಮನೆಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುವುದರಿಂದ ನಮಗೆ ಭೇದ ತಿಳಿಯುವುದಿಲ್ಲ. ಕಾಲೇಜಿನಲ್ಲಿ ಛಾವಣಿಗೆ ಅಂಟಿಸಿರುವ ಬಿಳಿ ಡಬ್ಬಿಗಳು ಸಾಮಾನ್ಯವಾಗಿ ಆಕ್ಸೆಸ್ ಪಾಯಿಂಟುಗಳು.

ಮೂರನೆಯದು ಬ್ಯಾಂಡ್. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಹೆಚ್ಚು ಚೆನ್ನಾಗಿ ದಾಟುತ್ತದೆ. ಆದರೆ ವೇಗ ಕಡಿಮೆ, ಅಕ್ಕಪಕ್ಕದವರ ಗದ್ದಲವೂ ಜಾಸ್ತಿ. 5 ಗಿಗಾಹರ್ಟ್ಸ್ ವೇಗವಾದದ್ದು, ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ನಮ್ಮ ಮನೆಯ ದಪ್ಪ ಕೆಂಪುಕಲ್ಲಿನ ಗೋಡೆಗಳ ಆಚೆ ಕೂತು ನಾನು 5 ಗಿಗಾಹರ್ಟ್ಸ್ ಹಿಡಿದಿದ್ದೆ. ತಪ್ಪಿದ್ದು ಅಲ್ಲಿ.

ನಾಲ್ಕನೆಯದು ಎಸ್‌ಎಸ್‌ಐಡಿ, ಫೋನಿನ ಪಟ್ಟಿಯಲ್ಲಿ ಕಾಣುವ ಜಾಲದ ಹೆಸರು. ಇದಕ್ಕೆ ಮಿತಿ 32 ಬೈಟ್. ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಸ್ವರಚಿಹ್ನೆ, ವಿರಾಮಚಿಹ್ನೆಗಳನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ‘ಕನ್ನಡ’ ನಮ್ಮ ಕಣ್ಣಿಗೆ ಮೂರಕ್ಷರ, ಯಂತ್ರಕ್ಕೆ ಐದು ಸಂಕೇತ, ಅಂದರೆ 15 ಬೈಟ್. ‘ಕನ್ನಡ ವಿಭಾಗ’ ಅಂತ ಹೆಸರಿಟ್ಟರೆ 31 ಬೈಟ್, ಹೇಗೋ ಹಿಡಿಸುತ್ತದೆ. ‘ಕನ್ನಡ ಅಧ್ಯಯನ ವಿಭಾಗ’ಕ್ಕೆ 50 ಬೇಕು, ಹಿಡಿಸುವುದಿಲ್ಲ.

ಇನ್ನು ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎಂಬವು ಬೀಗದ ಬಗೆಗಳು, ಪಾಸ್‌ವರ್ಡ್ ಕೀಲಿಕೈ. ಕೀಲಿಕೈ ಗಟ್ಟಿಯಾಗಿದ್ದು ಬೀಗ ಹಳತಾದರೂ ಅಪಾಯವೇ.

ವೈರ್‌ಲೆಸ್‌ಗೆ ‘ನಿಸ್ತಂತು’ ಅನ್ನುವ ಒಳ್ಳೆಯ ಪದ ನಮ್ಮಲ್ಲಿದೆ. ಆದರೆ ‘ನಿಸ್ತಂತು ಇಲ್ಲ’ ಅಂದಿದ್ದರೂ ನನ್ನ ದೂರು ಅಷ್ಟೇ ಮಸುಕಾಗಿರುತ್ತಿತ್ತು. ಪದಕ್ಕೆ ಪದ ಕೊಟ್ಟರೆ ಸಾಲದು, ಪದಗಳ ನಡುವಿನ ಭೇದವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ನಮ್ಮ ಗಡಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿವರಣೆ ಹೆಚ್ಚಾಗಿ ಸಿಗುವುದು ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳದಲ್ಲಿ.

ಎರಡನೇ ಸಲ ನಾನು ಕೊಟ್ಟ ದೂರು ಹೀಗಿತ್ತು: ‘ಲೈನ್ ಸರಿ ಉಂಟು, ರೌಟರಿನ ಹತ್ತಿರ ನೆಟ್ ಬರ್ತದೆ, ಓದುವ ಕೋಣೆಯಲ್ಲಿ ಮಾತ್ರ 5 ಗಿಗಾಹರ್ಟ್ಸ್ ಸಿಗುವುದಿಲ್ಲ.’ ಫೋನಿನಲ್ಲೇ ಉತ್ತರ ಬಂತು: ‘2.4ಕ್ಕೆ ಹಾಕಿ.’ ಈಗ ಅದರಲ್ಲೇ ಮಾತಾಡ್ತಾ ಇದ್ದೇನೆ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.