ನಕ್ಷೆಯಲ್ಲಿ ಇಲ್ಲದ ದೂರ

ಎಲೆಕ್ಟ್ರಾನಿಕ್ಸ್ ಕಲಿಯುವ ಮಕ್ಕಳ ಕೈಗೆ ಮೊದಲು ಬರುವ ಬೋರ್ಡು ಸಾಮಾನ್ಯವಾಗಿ ಆರ್ಡ್ವಿನೋ ಊನೋ. ಇಟಲಿಯ ಇವ್ರಿಯಾ ಊರಿನಲ್ಲಿ ಹುಟ್ಟಿದ ಆರ್ಡ್ವಿನೋ ಬಳಗ ಇದನ್ನು ಹೊರತಂದದ್ದು 2010ರಲ್ಲಿ. ಇದರ ವಿನ್ಯಾಸದ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ಸರ್ಕ್ಯೂಟ್ ಬೋರ್ಡು ರೂಪುಗೊಳ್ಳುವ ಬಗೆ ಅರಿಯಲು ಇಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಕೆಲಸ ಶುರುವಾಗುವುದು ಸ್ಕೀಮ್ಯಾಟಿಕ್‌ನಿಂದ. ಯಾವ ಬಿಡಿಭಾಗದ ಯಾವ ಕಾಲು ಎಲ್ಲಿಗೆ ಸೇರಬೇಕು ಎಂಬುದಷ್ಟನ್ನೇ ಅದು ಹೇಳುತ್ತದೆ. ಅಲ್ಲಿನ ಗೆರೆಗೆ ಉದ್ದವೂ ಇಲ್ಲ, ಅಗಲವೂ ಇಲ್ಲ. ಆಮೇಲೆ ಪ್ರತಿ ಭಾಗಕ್ಕೂ ಫುಟ್‌ಪ್ರಿಂಟ್, ಅಂದರೆ ಅದನ್ನು ಬೆಸೆಯಲು ಬೇಕಾದ ತಾಮ್ರದ ಪ್ಯಾಡುಗಳ ಅಚ್ಚು, ಗೊತ್ತುಮಾಡಬೇಕು. ಲೇಔಟ್ ತೆರೆದರೆ ಭಾಗಗಳೆಲ್ಲ ಒಂದೆಡೆ ರಾಶಿ ಬಿದ್ದಿರುತ್ತವೆ, ನಡುವೆ ತೆಳು ಗೆರೆಗಳ ಸಿಕ್ಕು. ಹೊಸಬರು ಕೂಡಲೇ ಟ್ರ್ಯಾಕ್, ಅಂದರೆ ತಾಮ್ರದ ಗೆರೆ, ಎಳೆಯಲು ಹೊರಡುತ್ತಾರೆ. ಪಳಗಿದವರು ಹೆಚ್ಚು ಹೊತ್ತು ಕಳೆಯುವುದು ಯಾವುದನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲೇ.

ಊನೋದ ಮೈಕ್ರೋಕಂಟ್ರೋಲರ್ ಪಕ್ಕದಲ್ಲಿರುವ 100 ನ್ಯಾನೊಫ್ಯಾರಡ್ ಕೆಪಾಸಿಟರನ್ನೇ ನೋಡಿ. ಚಿಪ್‌ನೊಳಗಿನ ಟ್ರಾನ್ಸಿಸ್ಟರುಗಳು ಒಟ್ಟಿಗೆ ಸ್ವಿಚ್ ಆದಾಗ ಕೆಲವೇ ನ್ಯಾನೊಸೆಕೆಂಡು ವಿದ್ಯುತ್ತಿನ ಬೇಡಿಕೆ ಸರ್ರನೆ ಏರುತ್ತದೆ. ಅಷ್ಟು ಬೇಗ ದೂರದ ರೆಗ್ಯುಲೇಟರಿನಿಂದ ಅದು ಬಂದು ತಲುಪದು; ಆ ಗಳಿಗೆಗೆ ಒದಗುವುದು ಈ ಕೆಪಾಸಿಟರು. ಆದರೆ ತಾಮ್ರದ ಗೆರೆಗೂ ಇಂಡಕ್ಟೆನ್ಸ್ ಇದೆ, ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿ. ಕೆಪಾಸಿಟರನ್ನು 20 ಮಿಲಿಮೀಟರ್ ಆಚೆ ಇಟ್ಟರೆನ್ನಿ: 2 ನ್ಯಾನೊಸೆಕೆಂಡಿನಲ್ಲಿ 50 ಮಿಲಿಆಂಪಿಯರ್ ಏರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಸ್ಕೀಮ್ಯಾಟಿಕ್ ಪ್ರಕಾರ ಎಲ್ಲ ಸರಿಯಾಗಿರುತ್ತದೆ. ಗೆರೆಗಳ ಅಂತರ, ರಂಧ್ರಗಳ ಗಾತ್ರ ನೋಡುವ ತಂತ್ರಾಂಶದ ನಿಯಮ ತಪಾಸಣೆಯೂ ಚಕಾರ ಎತ್ತುವುದಿಲ್ಲ. ಬೋರ್ಡು ಮಾತ್ರ ಆಗಾಗ ಕಾರಣವಿಲ್ಲದೆ ರೀಸೆಟ್ ಆಗುತ್ತಿರುತ್ತದೆ. ಹಾಗಾಗಿ ದೂರವೂ ಸರ್ಕ್ಯೂಟಿನ ಒಂದು ಭಾಗವೇ, ಅದನ್ನು ಯಾರೂ ನಕ್ಷೆಯಲ್ಲಿ ಬರೆದಿರುವುದಿಲ್ಲ ಅಷ್ಟೆ.

16 ಮೆಗಾಹರ್ಟ್ಸ್ ಮಿಡಿತ ಕೊಡುವ ರೆಸೊನೇಟರನ್ನು ಚಿಪ್‌ಗೆ ಅಂಟಿಕೊಂಡಂತೆ ಇಡುವುದೂ ಇದೇ ಕಾರಣಕ್ಕೆ. ಇನ್ನು ಗ್ರೌಂಡ್. ಸಿಗ್ನಲ್ ಆಗಿ ಹೋದ ವಿದ್ಯುತ್ತು ಗ್ರೌಂಡ್ ಮೂಲಕ ವಾಪಸು ಬರಲೇಬೇಕು. ವೇಗದ ಸಿಗ್ನಲ್ಲಾದರೆ ಅದು ತನ್ನ ಗೆರೆಯ ನೇರ ಕೆಳಗಿನ ಗ್ರೌಂಡ್ ತಾಮ್ರದಲ್ಲೇ ಮರಳುತ್ತದೆ. ಅಲ್ಲಿ ಬೇರೊಂದು ಟ್ರ್ಯಾಕ್ ಎಳೆದು ತಾಮ್ರ ಸೀಳಿದ್ದರೆ ಸುತ್ತುಬಳಸಿ ಬರಬೇಕಾಗುತ್ತದೆ. ಆ ಸುತ್ತು ದೊಡ್ಡದಾದಷ್ಟೂ ಬೋರ್ಡು ಆಂಟೆನಾ ಆಗಿ ಪಕ್ಕದ ರೇಡಿಯೋಗೆ ಗೊರಗೊರ ಸದ್ದು ಕಳಿಸುತ್ತದೆ.

ಜಾಗ ನಿರ್ಧಾರವಾದ ಮೇಲೆ ತಿದ್ದುವುದು ಎಷ್ಟು ಕಷ್ಟ ಎಂಬುದಕ್ಕೂ ಊನೋದಲ್ಲೇ ಗುರುತಿದೆ. ಅದರ ಪಿನ್ನುಗಳ ನಡುವಿನ ಅಂತರ 2.54 ಮಿಲಿಮೀಟರ್. 7 ಮತ್ತು 8ನೇ ಪಿನ್ ನಡುವೆ ಮಾತ್ರ 4.06. ಆರಂಭದ ಆರ್ಡ್ವಿನೋ ಬೋರ್ಡುಗಳ ಲೇಔಟಿನಲ್ಲಿ ಆದ ಕೈತಪ್ಪು ಇದು. ಅಷ್ಟರಲ್ಲಿ ಅದರ ಮೇಲೆ ಕೂರಿಸುವ ಶೀಲ್ಡ್ ಬೋರ್ಡುಗಳು ಬಂದಿದ್ದವು, ತಿದ್ದಿದರೆ ಅವು ಯಾವುವೂ ಕೂರುವುದಿಲ್ಲ. ಹಾಗಾಗಿ ಊನೋ ಕೂಡ ಆ ಅಂತರವನ್ನೇ ಇಟ್ಟುಕೊಂಡಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾದಾ ಜೀರೋ ಪಿಸಿಬಿಗೆ, ಅಂದರೆ ಸಮ ಅಂತರದ ರಂಧ್ರಗಳಿರುವ ಖಾಲಿ ಬೋರ್ಡಿಗೆ, ನೆಟ್ಟಗಿನ ಪಿನ್ನು ಬೆಸೆದರೆ ಈ ಸಾಲಿಗೆ ಹೊಂದುವುದಿಲ್ಲ. ಒಂದು ಕಡೆಯ ಪಿನ್ನುಗಳನ್ನು ತುಸು ಬಗ್ಗಿಸಬೇಕು.